ಕುದುರೆ ಯಾರದು, ಹುಲ್ಲು ಯಾರದು?

ಮಂಡ್ಯದಲ್ಲಿ ನಾನಿರುವ ಬೀದಿಯಲ್ಲಿ ಹದಿನಾಲ್ಕು ಮನೆಗಳಿವೆ. ಹೋದ ದೀಪಾವಳಿಯ ಆಸುಪಾಸಿನಲ್ಲಿ ಎರಡು ಮನೆಗಳಿಗೆ ಕಳ್ಳರು ನುಗ್ಗಿದ ಮೇಲೆ ನಾವೆಲ್ಲ ಸೇರಿ ರಾತ್ರಿಯ ಕಾವಲಿಗೆ ಒಬ್ಬ ಗೂರ್ಖನನ್ನು ಗೊತ್ತುಮಾಡಿದೆವು. ಸಂಬಳವನ್ನು ಹದಿನಾಲ್ಕು ಭಾಗ ಮಾಡಬೇಕೆಂದು ಮೊದಲು ಮಾತಾಯಿತು. ಅಷ್ಟರಲ್ಲಿ ಮೂಲೆಯ ಮಹಡಿಮನೆಯ ಕಂಟ್ರಾಕ್ಟರರು, “ನೋಡಿ, ಅರ್ಧ ನಾನೇ ಕೊಟ್ಟುಬಿಡುತ್ತೇನೆ, ಉಳಿದರ್ಧ ನೀವು ಹಂಚಿಕೊಳ್ಳಿ” ಎಂದರು. ಇಂಥ ಔದಾರ್ಯವನ್ನು ಬೇಡವೆನ್ನುವಷ್ಟು ಸ್ವಾಭಿಮಾನ ನಮ್ಮ ಬೀದಿಯಲ್ಲಿ ಯಾರಿಗೂ ಇರಲಿಲ್ಲ. ನನಗಂತೂ ಇರಲಿಲ್ಲ.

ಎರಡು ತಿಂಗಳೊಳಗೆ ಗೂರ್ಖನ ಕುರ್ಚಿ ಮಹಡಿಮನೆಯ ಗೇಟಿನ ಬಳಿಗೆ ಸರಿಯಿತು. ಅವನ ಸೀಟಿ ನಮ್ಮ ತುದಿಗೆ ಕೇಳಿಸುವುದು ನಿಂತಿತು. ಮಹಡಿಮನೆಯವರು ಮದುವೆಗೆಂದು ಮೂರು ದಿನ ಊರಿಗೆ ಹೋದಾಗ ಅವನಿಗೂ ರಜೆ ಸಿಕ್ಕಿತು. ಇದನ್ನು ವಿಚಾರಿಸಲು ಸೇರಿದ ಸಭೆಯಲ್ಲಿ ಕಂಟ್ರಾಕ್ಟರರು ಕೆರಳಿಯೇ ಮಾತನಾಡಿದರು: “ನಾನೊಬ್ಬ ಅರ್ಧ ಕೊಡ್ತೀನಿ, ನೀವು ಹದಿಮೂರು ಮನೆ ಸೇರಿ ಅರ್ಧ. ಅದರಲ್ಲೂ ಮೂರು ಮನೆಯವರದು ತಿಂಗಳು ತಿಂಗಳೂ ಬಾಕಿ. ಕಾವಲು ಮಾತ್ರ ಎಲ್ಲರಿಗೂ ಸಮ ಬೇಕು!” ನಮ್ಮ ಎದುರುಮನೆಯ ನಿವೃತ್ತ ಶಿರಸ್ತೇದಾರರು ನನ್ನ ಕಿವಿಯ ಬಳಿ ಬಾಗಿ, “ಮೇಷ್ಟ್ರೇ, ದುಡ್ಡು ಕೊಟ್ಟೋರ ಬಾಗಿಲಲ್ಲಿ ಅವನು ಕೂತರೆ ತಪ್ಪೇನು ಹೇಳಿ?” ಎಂದರು. ತಪ್ಪೇನೆಂದು ನನಗೂ ಆಗ ಹೊಳೆಯಲಿಲ್ಲ. ಬಾಕಿಯಿಟ್ಟ ಮೂರು ಮನೆಗಳಲ್ಲಿ ನನ್ನದೂ ಒಂದು ಎಂಬುದು ಅದಕ್ಕೆ ಒಂದು ಕಾರಣವಿರಬಹುದು.

ಇದೇ ವ್ಯಾಜ್ಯವನ್ನು ಮೂವತ್ತೆರಡು ರಾಷ್ಟ್ರಗಳು ಸೇರಿ ನಡೆಸುತ್ತಿರುವುದನ್ನು ಪತ್ರಿಕೆ ಓದುವ ಎಲ್ಲರೂ ಬಲ್ಲರು. 1949ರ ಏಪ್ರಿಲ್ 4ರಂದು ಹನ್ನೆರಡು ರಾಷ್ಟ್ರಗಳು ವಾಷಿಂಗ್ಟನ್ನಿನಲ್ಲಿ ಮಾಡಿಕೊಂಡ ಉತ್ತರ ಅಟ್ಲಾಂಟಿಕ್ ಒಪ್ಪಂದದ ಐದನೆಯ ವಿಧಿ, ಒಬ್ಬರ ಮೇಲೆ ಬಿದ್ದ ಪೆಟ್ಟು ಎಲ್ಲರ ಮೇಲೂ ಬಿದ್ದಂತೆ ಎನ್ನುತ್ತದೆ. ಅದನ್ನು ಎಲ್ಲರೂ ಉದ್ಧರಿಸುತ್ತಾರೆ. ಮೂರನೆಯ ವಿಧಿಯನ್ನು ಉದ್ಧರಿಸುವವರು ಕಡಮೆ. ಪ್ರತಿಯೊಬ್ಬನೂ ತನ್ನ ಸ್ವಂತ ಬಲವನ್ನೂ ಬೆಳೆಸಿಕೊಳ್ಳತಕ್ಕದ್ದು ಎಂಬುದು ಅದರ ತಾತ್ಪರ್ಯ. ಯೂರೋಪಿನವರು ತಮ್ಮ ಪಾಲು ಹೊರುವುದಿಲ್ಲವೆಂಬ ದೂರನ್ನು ಟ್ರಂಪರೊಬ್ಬರೇ ಎತ್ತಿದರೆಂದು ತಿಳಿಯಬಾರದು. ಮ್ಯಾನ್ಸ್‌ಫೀಲ್ಡ್ ಎಂಬ ಸೆನೆಟರರು ಯೂರೋಪಿನಲ್ಲಿದ್ದ ಅಮೆರಿಕದ ಸೈನ್ಯವನ್ನು ಇಳಿಸಬೇಕೆಂದು 1966ರಲ್ಲಿಯೇ ನಿರ್ಣಯ ಮಂಡಿಸಿದ್ದರು. ರಾಷ್ಟ್ರದ ಉತ್ಪನ್ನದಲ್ಲಿ ನೂರಕ್ಕೆ 2 ಭಾಗವನ್ನು ರಕ್ಷಣೆಗೆ ತೆಗೆದಿಡಬೇಕೆಂದು 2014ರಲ್ಲಿ ವೇಲ್ಸಿನಲ್ಲಿ ಮಾತಾಯಿತು. 2025ರ ಜೂನ್ ತಿಂಗಳಲ್ಲಿ ಹೇಗ್ ನಗರದಲ್ಲಿ ಆ 2 ಎಂಬುದು, 2035ರ ಹೊತ್ತಿಗೆ ಮುಟ್ಟಬೇಕಾದ 5 ಆಯಿತು. ಅದರಲ್ಲಿ 3.5 ನೇರವಾಗಿ ಸೈನ್ಯಕ್ಕೆ, 1.5 ರಸ್ತೆ ಸೇತುವೆ ಮುಂತಾದ ಪೂರಕ ಕಾರ್ಯಗಳಿಗೆ. ತನ್ನಿಂದ ಅಷ್ಟಾಗದೆಂದು ಸ್ಪೇನು ಅಲ್ಲಿಯೇ ರಾಗ ತೆಗೆಯಿತು.

ದೂರದ ಈ ಸಂಗತಿ ನಮಗೇಕೆಂದು ಕೇಳುವವರಿಗೆ ನಾನು ಹೇಳುವುದಿಷ್ಟೆ: ಮಿತ್ರರು ರಕ್ಷಣೆಯ ಹೊರೆಯನ್ನು ಹಂಚಿಕೊಳ್ಳುವ ಈ ಲೆಕ್ಕಾಚಾರದಲ್ಲಿ ನಮ್ಮ ಜಿಲ್ಲೆಯ ನೆಲಕ್ಕಿರುವಷ್ಟು ಅನುಭವ ಭೂಮಿಯ ಮೇಲೆ ಬಹಳ ಊರುಗಳಿಗೆ ಇರಲಾರದು.

1790ರಲ್ಲಿ ಟೀಪು ಸುಲ್ತಾನನ ವಿರುದ್ಧ ಈಸ್ಟ್ ಇಂಡಿಯಾ ಕಂಪನಿ, ಪುಣೆಯ ಪೇಶ್ವೆ, ಹೈದರಾಬಾದಿನ ನಿಜಾಮ ಈ ಮೂವರೂ ಕೂಟ ಕಟ್ಟಿದರು. ಎಲ್ಲರೂ ದಂಡು ತರತಕ್ಕದ್ದು, ಗೆದ್ದ ನಾಡನ್ನು ಸಮವಾಗಿ ಹಂಚಿಕೊಳ್ಳತಕ್ಕದ್ದು ಎಂದು ಕಾಗದವಾಯಿತು. ಮರುವರ್ಷ ಮಾರ್ಚಿಯಲ್ಲಿ ಬೆಂಗಳೂರಿನ ಕೋಟೆಯನ್ನು ಹಿಡಿದ ಕಾರ್ನ್‌ವಾಲಿಸನು ಮೇ ತಿಂಗಳಲ್ಲಿ ಕಾನಕಾನಹಳ್ಳಿಯ ಕಡೆಯಿಂದ ನಮ್ಮ ಸೀಮೆಗೆ ಇಳಿದ. ಟೀಪುವಿನ ಆಜ್ಞೆಯಂತೆ ದಾರಿಯ ಹಳ್ಳಿಗಳಲ್ಲಿ ಹುಲ್ಲುಕಡ್ಡಿಯೂ ಉಳಿದಿರಲಿಲ್ಲ. ಮೇ 15ರಂದು ಅರಕೆರೆಯ ಬಳಿ ನಡೆದ ಕಾಳಗದಲ್ಲಿ ಇಂಗ್ಲಿಷರೇ ಗೆದ್ದರು. ಆದರೆ ಗೆದ್ದವರಿಗೆ ತಿನ್ನಲು ಅನ್ನವಿಲ್ಲ, ಎತ್ತುಗಳಿಗೆ ಮೇವಿಲ್ಲ, ಮೇಲೆ ಮುಂಗಾರಿನ ಮಳೆ, ಸಾಲದುದಕ್ಕೆ ಸಿಡುಬು. ಎತ್ತುಗಳು ಸಾಲುಸಾಲಾಗಿ ಸತ್ತವು. ಫಿರಂಗಿಗಳನ್ನು ಎಳೆಯಲು ಸಿಪಾಯಿಗಳೇ ಹೆಗಲು ಕೊಟ್ಟರು. ಕಡೆಗೆ ಕನ್ನಂಬಾಡಿಯ ಹತ್ತಿರ, ಕೋಟೆ ಒಡೆಯಲೆಂದು ಅಷ್ಟು ದೂರದಿಂದ ತಂದಿದ್ದ ದೊಡ್ಡ ಫಿರಂಗಿಗಳನ್ನು ಕಾರ್ನ್‌ವಾಲಿಸನು ತನ್ನ ಕೈಯಾರೆ ಒಡೆಸಿ, ಬಂದ ದಾರಿಗೆ ಸುಂಕವಿಲ್ಲವೆಂದು ಹಿಂದಿರುಗಿದ.

ಹೀಗೆ ಹಿಂದಿರುಗಿ ಕೆಲವೇ ದಿನಗಳಾಗಿರಲು ಮೇಲುಕೋಟೆಯ ಹಾದಿಯಲ್ಲಿ ಧೂಳೆದ್ದಿತು. ಟೀಪುವಿನ ರಾವುತರೆಂದು ಬಗೆದು ಇಂಗ್ಲಿಷರು ಬಂದೂಕ ಎತ್ತಿದರು. ನೋಡಿದರೆ ಅವರು ಹರಿಪಂತ ಮತ್ತು ಪರಶುರಾಮ ಭಾವುವಿನ ಮರಾಠಾ ದಂಡು! ಮಿತ್ರಸೈನ್ಯ ಹತ್ತಿರವೇ ಬರುತ್ತಿದ್ದ ಸುದ್ದಿಯನ್ನು ಟೀಪುವಿನ ಲಘು ಕುದುರೆಯವರು ತಡೆದು ಹಾಕಿದ್ದರು. ನಾಲ್ಕು ದಿನ ಮೊದಲು ಸುದ್ದಿ ಮುಟ್ಟಿದ್ದರೆ ಆ ಫಿರಂಗಿಗಳು ಉಳಿಯುತ್ತಿದ್ದವು. ಮರಾಠರ ಬೆನ್ನ ಹಿಂದೆ ಒಂದು ದೊಡ್ಡ ಪೇಟೆಯೇ ನಡೆದು ಬರುತ್ತಿತ್ತು. ಅಕ್ಕಿ, ಬೇಳೆ, ಬಟ್ಟೆ, ಬಂಗಾರ ಸಕಲವೂ ಅಲ್ಲಿ ದೊರೆಯುತ್ತಿದ್ದವು. ಹಸಿದ ಮಿತ್ರನೆಂದು ಅವರು ಒಂದು ಕಾಸನ್ನೂ ಬಿಡಲಿಲ್ಲ. ಬಾಯಿಗೆ ಬಂದ ಬೆಲೆ ಹೇಳಿ ಮಾರಿದರು. ಮೇಲೆ, ದಂಡಿನ ಖರ್ಚಿಗೆ ಸಾಲ ಬೇಕೆಂದು ಹರಿಪಂತನು ಪಟ್ಟುಹಿಡಿದ. ಚೀನಾದ ವ್ಯಾಪಾರಕ್ಕೆಂದು ಮದರಾಸಿಗೆ ಬಂದಿದ್ದ ಬೆಳ್ಳಿಯನ್ನು ಇಳಿಸಿಕೊಂಡು ಕಾರ್ನ್‌ವಾಲಿಸನು ಆ ಸಾಲವನ್ನೂ ಕೊಡಬೇಕಾಯಿತು.

1792ರ ಫೆಬ್ರವರಿ 6ರ ರಾತ್ರಿ ಶ್ರೀರಂಗಪಟ್ಟಣದ ಹೊರಪಾಳೆಯದ ಮೇಲೆ ಬಿದ್ದವರು ಕಂಪನಿಯ ದಂಡಿನವರೇ. ಹೋರಾಟದ ಮುಖ್ಯ ಭಾರವನ್ನು ಹೊತ್ತವರೂ ಅವರೇ. ಆದರೂ ಸಂಧಿಯಾದಾಗ ಟೀಪು ಬಿಟ್ಟುಕೊಟ್ಟ ಅರ್ಧ ರಾಜ್ಯದಲ್ಲಿ ಒಬ್ಬೊಬ್ಬರಿಗೂ ವರ್ಷಕ್ಕೆ ಸುಮಾರು 13 ಲಕ್ಷ 16 ಸಾವಿರ ವರಹ ಹುಟ್ಟುವ ನಾಡು ಸಮನಾಗಿ ಸಂದಿತು. ದುಡಿದವನು ಯಾರು, ದಣಿಯದವನು ಯಾರು ಎಂದು ಅಂದು ಇಂಗ್ಲಿಷ್ ಅಧಿಕಾರಿಗಳು ಗೊಣಗಿರಲೇಬೇಕು. ಆದರೆ ಮರಾಠರ ಕೈಯಲ್ಲಿ ತಮ್ಮದೇ ಕುದುರೆಗಳಿದ್ದವು, ತಮ್ಮದೇ ಪೇಟೆಯಿತ್ತು. ತಮಗೆ ಬೇಕೆನಿಸಿದ ದಿನ ಎದ್ದು ಹೋಗುವ ಸ್ವಾತಂತ್ರ್ಯವಿತ್ತು. ಅಂಥವನಿಗೆ ಪಾಲು ಕಡಮೆ ಕೊಡುವ ಧೈರ್ಯ ಯಾರಿಗೂ ಬರುವುದಿಲ್ಲ. ಇದನ್ನು ಓದುಗರು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಬೇಕು.

ಏಳು ವರ್ಷ ಕಳೆದು ಮತ್ತೆ ದಂಡು ಬಂದಿತು. ಈ ಬಾರಿ ಸೇನಾಪತಿ ಹ್ಯಾರಿಸ್. ಕಂಪನಿಯ ದಂಡಿನ ಜೊತೆಗೆ ನಿಜಾಮನ ದಂಡು. ಅದಕ್ಕೆ ಬಲ ತುಂಬಿದವರು ಆರ್ಥರ್ ವೆಲ್ಲೆಸ್ಲಿ ಮತ್ತು ಅವನ 33ನೆಯ ರೆಜಿಮೆಂಟು. ಮರಾಠರು ಮನೆಯಲ್ಲಿಯೇ ಕುಳಿತರು. ಹತ್ತಾರು ಸಾವಿರ ಎತ್ತುಗಳು, ಧಾನ್ಯ ಹೊತ್ತ ಲಂಬಾಣಿಗರ ಹಿಂಡುಗಳು, ಚಾಕರಿಯವರು, ಅವರ ಹೆಂಡಿರು ಮಕ್ಕಳು ಸೇರಿ ಒಂದು ಪಟ್ಟಣವೇ ತೆವಳಿ ಬಂದಂತಿತ್ತು. ಮದ್ದೂರು ಹೊಳೆಯ ದಂಡೆಯಲ್ಲಿ ಬೀಡುಬಿಟ್ಟಿದ್ದ ಟೀಪು ಅಲ್ಲಿ ತಡೆದು ನಿಲ್ಲದೆ ಹಿಂದೆ ಸರಿದು, 1799ರ ಮಾರ್ಚಿ 27ರಂದು ಮಳವಳ್ಳಿಯಲ್ಲಿ ಎದುರಾದ. ಸೋತ. ಮಳವಳ್ಳಿ ಒಂದು ಕಾಲಕ್ಕೆ ಹೈದರನು ಮಗನಿಗೆ ಜಹಗೀರಾಗಿ ಕೊಟ್ಟಿದ್ದ ಊರು. ಅಲ್ಲಿ ಹಣ್ಣಿನ ತೋಟವಿತ್ತು. ಶತ್ರುವಿಗೆ ಉಪಯೋಗವಾಗಬಾರದೆಂದು ಆ ಊರನ್ನು ಟೀಪುವೇ ಹಾಳುಗೆಡವಿಸಿದ. ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು.

ಈ ಪಾಠವನ್ನು ಒಮ್ಮೆ ತರಗತಿಯಲ್ಲಿ ಹೇಳುತ್ತಿದ್ದೆ. ಕನ್ನಡದ ಅಧ್ಯಾಪಕನಿಗೆ ಇತಿಹಾಸದ ಗೊಡವೆಯೇಕೆಂದು ಕೇಳಬೇಡಿರಿ. ಲಾವಣಿಗಳ ವಿಷಯ ಬಂದಾಗ ಇಷ್ಟನ್ನಾದರೂ ಹೇಳದೆ ವಿಧಿಯಿಲ್ಲ. ಇಂಗ್ಲಿಷರ ಕುದುರೆ ಎಷ್ಟು, ನಿಜಾಮನ ಕುದುರೆ ಎಷ್ಟು, ಪಾಲು ಹೇಗಾಯಿತು ಎಂದು ಕರಿಹಲಗೆಯ ಮೇಲೆ ಬರೆಯುತ್ತಿದ್ದೆ. ಮಳವಳ್ಳಿಯ ಕಡೆಯಿಂದ ದಿನವೂ ಬಸ್ಸಿನಲ್ಲಿ ಬಂದು ಹೋಗುವ ಹುಡುಗಿಯೊಬ್ಬಳು ಹಿಂದಿನ ಬೆಂಚಿನಲ್ಲಿ ಎದ್ದುನಿಂತು, “ಸಾರ್, ಕುದುರೆ ಅವರದು, ಇವರದು ಅಂದ್ರಿ. ಹುಲ್ಲು ಯಾರದು ಸಾರ್?” ಎಂದಳು. ತರಗತಿ ನಕ್ಕಿತು. ನಾನೂ ನಕ್ಕೆ. ಮನೆಗೆ ಬಂದ ಮೇಲೆ ನಗು ನಿಂತಿತು. 1790ರ ಒಪ್ಪಂದಗಳಲ್ಲಾಗಲಿ 1799ರ ಒಪ್ಪಂದದಲ್ಲಾಗಲಿ ಹುಲ್ಲಿಗೆ ಒಂದು ಕಲಮೂ ಇಲ್ಲ. ಮಳವಳ್ಳಿ, ಮದ್ದೂರು, ಅರಕೆರೆಗಳ ರೈತ ಎರಡೂ ಕಡೆಯ ದಂಡುಗಳಿಗೆ ಕೊಟ್ಟದ್ದು ಯಾರ ಪಾಲಿನ ಲೆಕ್ಕಕ್ಕೂ ಸೇರಲಿಲ್ಲ.

ಇನ್ನು ಪಾಲಿನ ವಿಚಾರ. ಯುದ್ಧಕ್ಕೆ ಬಾರದ ಪೇಶ್ವೆಗೂ ಒಂದು ತುಂಡನ್ನು ಷರತ್ತಿನ ಮೇಲೆ ತೆಗೆದಿರಿಸಿದ್ದರು. ಅವನು ಷರತ್ತಿಗೆ ಒಪ್ಪದಿದ್ದಾಗ ಅದನ್ನೂ ಉಳಿದಿಬ್ಬರು ಹಂಚಿಕೊಂಡರು. ನಿಜಾಮನಿಗೆ ಒಳ್ಳೆಯ ಪಾಲೇ ಬಂದಿತು, ಆದರೆ ಅದು ಅವನ ಮನೆಯಲ್ಲಿ ನಿಲ್ಲಲಿಲ್ಲ. ಅವನು 1798ರಲ್ಲಿಯೇ ತನ್ನ ಫ್ರೆಂಚ್ ತರಬೇತಿಯ ಪಡೆಗಳನ್ನು ವಿಸರ್ಜಿಸಿ, ರಕ್ಷಣೆಯ ಭಾರವನ್ನು ಕಂಪನಿಯ ಸೈನ್ಯಕ್ಕೆ ಒಪ್ಪಿಸಿದ್ದ. ಆ ಸೈನ್ಯದ ವೆಚ್ಚಕ್ಕೆ ನಗದು ಕೊಡುವ ಬದಲು, ಮೈಸೂರಿನಿಂದ 1792ರಲ್ಲಿಯೂ 1799ರಲ್ಲಿಯೂ ತನಗೆ ಬಂದ ನಾಡನ್ನು 1800ರ ಅಕ್ಟೋಬರಿನಲ್ಲಿ ಕಂಪನಿಗೇ ಬಿಟ್ಟುಕೊಟ್ಟ. ಬಳ್ಳಾರಿ ಮದರಾಸಿನ ಆಡಳಿತಕ್ಕೆ ಹೋದದ್ದು ಹೀಗೆ. ಅದು ಮರಳಿ ಮೈಸೂರಿಗೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಕನ್ನಡನಾಡು ಹರಿದು ಹಂಚಿಹೋದದ್ದಕ್ಕೆ ನಾವು ಎಷ್ಟೋ ಕಾರಣಗಳನ್ನು ಹೇಳುತ್ತೇವೆ. ಒಂದು ದೊಡ್ಡ ತುಂಡು ಹೋದದ್ದು ಕಾವಲುಗಾರನ ಸಂಬಳದ ಬಾಬತ್ತಿನಲ್ಲಿ ಎಂಬುದನ್ನು ಹೇಳಲು ನಾಚುತ್ತೇವೆಯೋ ಏನೋ.

ಮೈಸೂರಿನ ಕಥೆ ಇನ್ನೂ ಹೃದಯವನ್ನು ಹಿಂಡುವಂಥದು. 1799ರ ಜುಲೈ 8ರ ಒಪ್ಪಂದ ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರಿನಲ್ಲಿ ಆಯಿತು. ರಾಜ್ಯದ ರಕ್ಷಣೆ ಕಂಪನಿಯದು. ಅದಕ್ಕಾಗಿ ಮೈಸೂರು ವರ್ಷಕ್ಕೆ 7 ಲಕ್ಷ ಸ್ಟಾರ್ ಪಗೋಡ, ಎಂದರೆ 24½ ಲಕ್ಷ ರೂಪಾಯಿ, ಪೊಗದಿ ಸಲ್ಲಿಸತಕ್ಕದ್ದು. ಒಡೆಯರಿಗೆ ಬಿಟ್ಟ ನಾಡಿನ ಹುಟ್ಟುವಳಿಯನ್ನು ಅದೇ ಕಾಗದಗಳು 13 ಲಕ್ಷ 74 ಸಾವಿರ ಕಂಠೀರಾಯಿ ವರಹಗಳೆಂದು ಎಣಿಸುತ್ತವೆ. ಕಂಠೀರಾಯಿ ವರಹದ ಬೆಲೆ ಸ್ಟಾರ್ ಪಗೋಡಕ್ಕಿಂತ ಕಡಮೆಯಾದುದರಿಂದ, ಪಟ್ಟಿಯ ಲೆಕ್ಕದಲ್ಲಿ ಅರ್ಧಕ್ಕೂ ಮಿಕ್ಕು ಹಣ ಕಾವಲಿಗೇ ಹೋದಂತಾಯಿತು. ಯುದ್ಧ ಬಂದರೆ ಇನ್ನಷ್ಟು ಕೊಡಬೇಕು. ಎಷ್ಟೆಂಬುದನ್ನು ನಿಶ್ಚಯಿಸುವವನು ಗವರ್ನರ್ ಜನರಲ್. ಹಣಕ್ಕೆ ಆತಂಕವುಂಟೆಂದು ಅವನಿಗೆ ಕಂಡರೆ ರಾಜ್ಯದ ಆಡಳಿತವನ್ನೇ ಕೈಗೆ ತೆಗೆದುಕೊಳ್ಳಬಹುದೆಂದು ನಾಲ್ಕನೆಯ ಕಲಮು. ಶ್ರೀರಂಗಪಟ್ಟಣದ ದ್ವೀಪವನ್ನಂತೂ ಕಂಪನಿ ತನಗೇ ಇಟ್ಟುಕೊಂಡಿತು. ಮುಂದೆ ಅದನ್ನು ಮೈಸೂರಿಗೆ ಬಿಟ್ಟುಕೊಟ್ಟದ್ದು ವರ್ಷಕ್ಕೆ 50 ಸಾವಿರ ರೂಪಾಯಿ ಬಾಡಿಗೆಯ ಮೇಲೆ.

ಪೂರ್ಣಯ್ಯನವರಂಥ ದಿವಾನರು ಮಾತ್ರ ಇದರಲ್ಲಿ ಒಂದು ಕಿಂಡಿಯನ್ನು ಕಾಣಬಲ್ಲವರಾಗಿದ್ದರು. ಯುದ್ಧಕಾಲದ ಮಿತಿಯಿಲ್ಲದ ಹೆಚ್ಚುವರಿ ಹಣಕ್ಕೆ ಬದಲಾಗಿ, ಮೈಸೂರು 4,000 ಸಿಲ್ಲೇದಾರ್ ಕುದುರೆಯನ್ನು ಸದಾ ಸಜ್ಜಾಗಿ ಇಟ್ಟಿರತಕ್ಕದ್ದೆಂದು 1807ರ ಜನವರಿಯಲ್ಲಿ ಪೂರಕ ಒಪ್ಪಂದವಾಯಿತು. ಗಡಿಯಾಚೆಗೆ ಹೋದರೆ ಹೆಚ್ಚಿನ ಭತ್ಯವನ್ನು ಕಂಪನಿ ಕೊಡಬೇಕು. ಸಿಲ್ಲೇದಾರನೆಂದರೆ ತನ್ನ ಕುದುರೆಯನ್ನು ತಾನೇ ತರುವ ರಾವುತ. 1817ರ ಡಿಸೆಂಬರಿನಲ್ಲಿ ಇವರು ಉಜ್ಜಯಿನಿಯಾಚೆಯ ಮಹೀದಪುರದ ಕಾಳಗದವರೆಗೂ ಹೋದರು. ಹೊರೆ ಅದೇ ಆದರೂ ನಾಣ್ಯದ ರೂಪದಲ್ಲಿ ಕೊಟ್ಟಾಗ ಅದು ಕಪ್ಪವಾಗುತ್ತದೆ, ಕುದುರೆಯ ರೂಪದಲ್ಲಿ ಕೊಟ್ಟಾಗ ಸ್ನೇಹವಾಗುತ್ತದೆ. ಮೈಸೂರಿನ ರಾವುತರ ಬಗ್ಗೆ ಇಂಗ್ಲಿಷ್ ಸೇನಾನಿಗಳು ಆಡಿದ ಒಳ್ಳೆಯ ಮಾತು ಮೈಸೂರಿನ ಪೊಗದಿಯ ಬಗ್ಗೆ ಯಾರೂ ಆಡಿದ್ದಿಲ್ಲ.

ಆದರೂ ಮುಖ್ಯವಾದ ಹೊರೆ ನಗದೇ ಆಗಿತ್ತು, ನಾಲ್ಕನೆಯ ಕಲಮು ಕಾದಿತ್ತು. ನಗರದ ದಂಗೆಯ ತರುವಾಯ 1831ರಲ್ಲಿ ಬೆಂಟಿಂಕನು ಆಡಳಿತವನ್ನು ಮಹಾರಾಜರಿಂದ ಕಿತ್ತುಕೊಂಡ. ಪೊಗದಿಯ ಹಣಕ್ಕೆ ಆಗ ತಕ್ಷಣದ ಅಪಾಯವೇನೂ ಇದ್ದಂತೆ ಕಾಣದೆಂಬುದನ್ನು 1834ರಲ್ಲಿ ಅವನೇ ಬರೆದಿಟ್ಟಿದ್ದಾನೆ. ಬರೆದಿಟ್ಟು ಫಲವೇನು? ರಾಜ್ಯ ಹಿಂದಕ್ಕೆ ಬಂದದ್ದು ಐವತ್ತು ವರ್ಷಗಳ ಮೇಲೆ, 1881ರಲ್ಲಿ.

ಈ ಕನ್ನಡಿಯನ್ನು ಯೂರೋಪಿನ ಮುಖಕ್ಕೆ ಹಿಡಿಯುವಾಗ ಎಚ್ಚರ ಬೇಕು. ಜರ್ಮನಿ, ಫ್ರಾನ್ಸ್‌ಗಳು ಐದು ವರ್ಷದ ಬಾಲಕರಲ್ಲ. ಅವರಿಗೆ ಪಾರ್ಲಿಮೆಂಟುಗಳಿವೆ, ಸ್ವಂತ ಸೈನ್ಯವಿದೆ, ಆ ಕೂಟದಲ್ಲಿ ಎಲ್ಲರೂ ಒಪ್ಪದೆ ಯಾವ ತೀರ್ಮಾನವೂ ಆಗುವುದಿಲ್ಲ. ಆದರೂ ಹಣಕ್ಕೂ ಕುದುರೆಗೂ ಇರುವ ಅಂತರ ಅಲ್ಲಿಯೂ ಕಾಣಿಸಿಕೊಂಡಿದೆ. 1960ರ ದಶಕದಲ್ಲಿ ಪಶ್ಚಿಮ ಜರ್ಮನಿ ತನ್ನ ನೆಲದಲ್ಲಿದ್ದ ಅಮೆರಿಕದ ಸೈನ್ಯದ ಖರ್ಚನ್ನು ಸರಿದೂಗಿಸಲೆಂದು ಅಮೆರಿಕದಿಂದಲೇ ಆಯುಧಗಳನ್ನು ಕೊಂಡಿತು. ವರ್ಷವರ್ಷವೂ ಅದರ ಚೌಕಾಸಿ ನಡೆಯುತ್ತಿತ್ತು. ಅದೇ ಕಾಲದಲ್ಲಿ ಫ್ರಾನ್ಸಿನ ದ ಗಾಲ್ ಸ್ವಂತ ಅಣ್ವಸ್ತ್ರವನ್ನು ಕೈಯಲ್ಲಿಟ್ಟುಕೊಂಡು, 1966ರಲ್ಲಿ ಕೂಟದ ಸೇನಾ ವ್ಯವಸ್ಥೆಯಿಂದ ಹೊರಬಿದ್ದು, ಅದರ ಕಚೇರಿಗಳನ್ನು ತನ್ನ ದೇಶದಿಂದ ಎಬ್ಬಿಸಿ ಕಳುಹಿಸಿದ. ಆದರೂ ಫ್ರಾನ್ಸು ಮಿತ್ರನಾಗಿಯೇ ಉಳಿಯಿತು. 2009ರಲ್ಲಿ ತಾನಾಗಿ ಮರಳಿತು. ಹರಿಪಂತನಿಗೆ ಇದು ಅರ್ಥವಾಗುತ್ತಿತ್ತು.

ಇನ್ನೊಂದು ಸಂಗತಿ. ಆ ಐದನೆಯ ವಿಧಿಯನ್ನು ಇದುವರೆಗೆ ಜಾರಿಗೆ ತಂದದ್ದು ಒಂದೇ ಸಲ: 2001ರ ಸೆಪ್ಟೆಂಬರಿನಲ್ಲಿ, ಯೂರೋಪಿಗಾಗಿ ಅಲ್ಲ, ಅಮೆರಿಕದ ಪರವಾಗಿ. ಅದರ ಹಿಂದೆ ಬಂದ ಆಫ್ಘಾನಿಸ್ತಾನದ ಯುದ್ಧದಲ್ಲಿ ಡೆನ್ಮಾರ್ಕಿನಂಥ ಪುಟ್ಟ ದೇಶ ನಲವತ್ತಕ್ಕೂ ಹೆಚ್ಚು ಯೋಧರನ್ನು ಕಳೆದುಕೊಂಡಿತು. ಉತ್ಪನ್ನದಲ್ಲಿ ನೂರಕ್ಕೆ ಎಷ್ಟು ಎಂಬ ಪಟ್ಟಿಯಲ್ಲಿ ಆ ನಲವತ್ತು ಮನೆಗಳಿಗೆ ಯಾವ ಅಂಕಣವೂ ಇಲ್ಲ. ಅಮೆರಿಕ ದೊಡ್ಡ ಪಾಲನ್ನು ಹೊತ್ತಿದೆಯೆಂಬುದು ನಿಜ, ದೂರು ಸುಳ್ಳಲ್ಲ. ಬಾಕಿಯಿಟ್ಟವನಾದ ನಾನು ಅದನ್ನು ಅಲ್ಲಗಳೆಯಲಾರೆ. ಆದರೆ ಹಣದ ಪಟ್ಟಿಯೊಂದನ್ನೇ ಹಿಡಿದು ಕುಳಿತವನಿಗೆ ಮಳವಳ್ಳಿಯ ಹುಡುಗಿ ಕೇಳಿದ ಪ್ರಶ್ನೆ ಎಂದೂ ಕೇಳಿಸುವುದಿಲ್ಲ.

ನಮ್ಮ ಪೊಗದಿ ಕಡೆಗೇನಾಯಿತೆಂದು ತಿಳಿಯುವ ಕುತೂಹಲ ಓದುಗರಿಗೆ ಇರಬಹುದು. 1881ರಲ್ಲಿ ರಾಜ್ಯವನ್ನು ಹಿಂದಿರುಗಿಸುವಾಗ ಇಂಗ್ಲಿಷರು ಅದನ್ನು 24½ ಲಕ್ಷದಿಂದ 35 ಲಕ್ಷಕ್ಕೆ ಏರಿಸಿದರು. ಆಗತಾನೆ 1876–78ರ ಕ್ಷಾಮದಲ್ಲಿ ನಾಡಿನ ಜನ ಲಕ್ಷಗಟ್ಟಲೆ ಸತ್ತಿದ್ದರು. 1871ರಲ್ಲಿ 50 ಲಕ್ಷವಿದ್ದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕೆ ಇಳಿದಿತ್ತು. ಹೀಗಾಗಿ ಏರಿಕೆಯನ್ನು ಹದಿನೈದು ವರ್ಷ ಮುಂದಕ್ಕೆ ತಳ್ಳಬೇಕಾಯಿತು. 1914ರ ಮಹಾಯುದ್ಧಕ್ಕೆ ಮಹಾರಾಜರು 50 ಲಕ್ಷ ರೂಪಾಯಿ ಕೊಟ್ಟರು. ಮೈಸೂರಿನ ಲ್ಯಾನ್ಸರ್ ಪಡೆ ಜೋಧಪುರದವರೊಡನೆ 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದಿತು. ಇಷ್ಟೆಲ್ಲ ಆದ ಮೇಲೆ 1927ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ರಜತೋತ್ಸವದ ವರ್ಷ, ವೈಸರಾಯ್ ಇರ್ವಿನ್ನನು ಹೆಚ್ಚಿಸಿದ್ದ 10½ ಲಕ್ಷವನ್ನು ಬಿಟ್ಟುಕೊಟ್ಟ. ಕನ್ನಂಬಾಡಿಯಿಂದ ಮಂಡ್ಯ, ಮದ್ದೂರು, ಮಳವಳ್ಳಿಗಳಿಗೆ ನೀರು ತಂದ ನಾಲೆಗೆ ಅವನ ಹೆಸರನ್ನೇ ಇಟ್ಟರು. ಈಗ ಅದು ವಿಶ್ವೇಶ್ವರಯ್ಯ ನಾಲೆ. ವಯಸ್ಸಾದವರ ಬಾಯಲ್ಲಿ ಇರ್ವಿನ್ ನಾಲೆಯೆಂಬ ಮಾತು ಇನ್ನೂ ಬರುವುದುಂಟು. ಕಾರ್ನ್‌ವಾಲಿಸನ ಎತ್ತುಗಳು ಒಂದು ಹಿಡಿ ಹುಲ್ಲಿಲ್ಲದೆ ಸತ್ತ ಸೀಮೆಯಲ್ಲಿ ಇಂದು ಕಬ್ಬೂ ಭತ್ತವೂ ಬೆಳೆಯುತ್ತವೆ.

ಮೊನ್ನೆ ನನ್ನ ಬಾಕಿಯನ್ನು ಸಲ್ಲಿಸಿಬಂದೆ. ಶಿರಸ್ತೇದಾರರು ಹೊಸದೊಂದು ಸಲಹೆ ಮಾಡಿದ್ದಾರೆ: ಹಣವನ್ನು ಹದಿನಾಲ್ಕು ಪಾಲು ಮಾಡುವುದು, ಜೊತೆಗೆ ಮನೆಗೊಬ್ಬರಂತೆ ಸರದಿಯ ಮೇಲೆ ಗೂರ್ಖನೊಡನೆ ಒಂದು ಸುತ್ತು ಬರುವುದು. ಕಂಟ್ರಾಕ್ಟರರು ಯೋಚಿಸಿ ಹೇಳುತ್ತೇನೆ ಎಂದಿದ್ದಾರೆ. ನನ್ನ ಸರದಿ ಗುರುವಾರ ರಾತ್ರಿ. ಟಾರ್ಚಿಗೆ ಬ್ಯಾಟರಿ ತರಬೇಕು.